ಹೊನ್ನ ಹೊಸ್ತಿಲು: ಕವಿಯ ಮನೆಯನ್ನು ಕುರಿತು ಕೆಲವು ಮಾತು

ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಅನುವಾದವನ್ನು ಕುರಿತ ಒಂದು ವಿಚಾರಸಂಕಿರಣದ ನಿಮಿತ್ತ ಹೋಗಿದ್ದೆ. ನನ್ನ ಪ್ರಬಂಧದ ಮಂಡನೆ ಮೊದಲ ದಿನವೇ ಮುಗಿದಿದ್ದರಿಂದ ಎರಡನೆಯ ದಿನದ ಅಪರಾಹ್ನ ಬಿಡುವಾಗಿತ್ತು. ಚಾರ್‌ಮಿನಾರು, ಗೋಲ್ಕೊಂಡಗಳನ್ನು ನಮ್ಮ ಕಡೆಯವರು ಚಿಕ್ಕಂದಿನಲ್ಲಿಯೇ ನೋಡಿ ಮುಗಿಸಿರುತ್ತಾರೆ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ತೆಲುಗಿನ ಹಿರಿಯ ವಿದ್ವಾಂಸರೊಬ್ಬರು, ‘ಈ ವಿಶ್ವವಿದ್ಯಾಲಯ ಹುಟ್ಟಿದ ಮನೆಯನ್ನು ತಾವು ನೋಡಿದ್ದೀರಾ?’ ಎಂದು ಕೇಳಿದರು. ವಿಶ್ವವಿದ್ಯಾಲಯಗಳು ಶಾಸನಸಭೆಗಳಲ್ಲಿ ಹುಟ್ಟುತ್ತವೆಯೆಂದು ತಿಳಿದಿದ್ದ ನನಗೆ ಆ ಪ್ರಶ್ನೆ ವಿಚಿತ್ರವಾಗಿ ಕೇಳಿಸಿತು. ಅವರು ಹೇಳಿದ್ದು ಸರೋಜಿನಿ ನಾಯ್ಡು ಅವರ ಮನೆಯನ್ನು. ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲಿ, ಆಬಿಡ್ಸ್ ಪೇಟೆಯ ಗದ್ದಲದ ನಡುವೆ ಇರುವ ‘ಗೋಲ್ಡನ್ ಥ್ರೆಶೋಲ್ಡ್’, ಎಂದರೆ ಹೊನ್ನ ಹೊಸ್ತಿಲು. ಅದೇ ದಿನ ಅಲ್ಲಿಗೆ ಹೋದೆ. ಆ ಅಪರಾಹ್ನದ ಕಾರಣದಿಂದ, ಕವಿಗಳ ಮನೆಗಳನ್ನು ಕುರಿತು ನಾನು ಬಹುಕಾಲ ಹಿಡಿದುಕೊಂಡಿದ್ದ ಒಂದು ನಿಲುವು ಸಡಿಲವಾಯಿತು. ಈ ಸಂಪುಟಕ್ಕೆ ಲೇಖನ ಬೇಕೆಂದು ವಿಭಾಗದ ಕಿರಿಯ ಮಿತ್ರರು ಕೇಳಿದಾಗ, ಕಾವ್ಯಮೀಮಾಂಸೆಯ ಯಾವುದಾದರೂ ವಿಷಯಕ್ಕಿಂತ ಇದನ್ನೇ ಬರೆಯುವುದು ಲೇಸೆನಿಸಿತು.

ಇಂದಿನ ವಿದ್ಯಾರ್ಥಿಗಳಿಗೆ ಗಚ್ಚಿಬೌಲಿಯೆಂದರೆ ಕಂಪ್ಯೂಟರ್ ಕಂಪೆನಿಗಳ ಗಾಜಿನ ಕಟ್ಟಡಗಳು. ಆದರೆ ವಿಶ್ವವಿದ್ಯಾಲಯದ ಆವರಣದೊಳಗೆ ಹೋದರೆ ದಖ್ಖನಿನ ಹಳೆಯ ಬಂಡೆಗಳು, ಒಂದರ ಮೇಲೊಂದು ಯಾರೋ ಎತ್ತಿಟ್ಟು ಮರೆತಂತೆ ನಿಂತಿವೆ. ನಾಯಿಕೊಡೆಯ ಆಕಾರದ ಒಂದು ಬಂಡೆ ಅಲ್ಲಿಯ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಸ್ಥಳ. ರಾಯಚೂರು, ಆನೆಗೊಂದಿಗಳ ಕಡೆ ಓಡಾಡಿದವರಿಗೆ ಈ ನೋಟ ಹೊಸದಲ್ಲ. ನೆಲ ಒಂದೇ ಎಂಬುದನ್ನು ನಕ್ಷೆಗಿಂತ ಚೆನ್ನಾಗಿ ಈ ಕಲ್ಲುಗಳು ಹೇಳುತ್ತವೆ. 2025ರ ಮಾರ್ಚ್ ಕೊನೆಯಲ್ಲಿ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆ ನೆಲದಲ್ಲಿ ಮರಗಳನ್ನು ಉರುಳಿಸತೊಡಗಿದಾಗ ವಿದ್ಯಾರ್ಥಿಗಳು ಬೀದಿಗೆ ಇಳಿದರು. ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಡಬೇಕಾಯಿತು. ಪತ್ರಿಕೆಗಳಲ್ಲಿ ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು, ಅವರ ಅಜ್ಜಿಯಮನೆಯಂತಿರುವ ಆ ಆಬಿಡ್ಸಿನ ಬಂಗಲೆ.

ಈ ವಿಶ್ವವಿದ್ಯಾಲಯ ಹುಟ್ಟಿದ ಬಗೆಯೂ ಸ್ವಾರಸ್ಯಕರವಾಗಿದೆ. ತೆಲಂಗಾಣ ಮತ್ತು ಆಂಧ್ರ ಪ್ರದೇಶಗಳ ಚಳವಳಿಗಳು ಕಾವೇರಿದ್ದ ಕಾಲದಲ್ಲಿ, 1973ರಲ್ಲಿ, ಎರಡೂ ಕಡೆಯವರನ್ನು ಸಮಾಧಾನಪಡಿಸಲು ಆರು ಅಂಶಗಳ ಸೂತ್ರವೊಂದನ್ನು ಮುಂದಿಟ್ಟರು. ಹೈದರಾಬಾದಿಗೆ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಬೇಕೆಂಬುದು ಅದರಲ್ಲಿನ ಒಂದು ಅಂಶ. ಸಂವಿಧಾನಕ್ಕೆ 371-ಇ ವಿಧಿ ಸೇರಿತು. ಸಂಸತ್ತಿನ ಕಾಯಿದೆಯ ಮೂಲಕ 1974ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದೇ 371ರ ಬಳಗಕ್ಕೆ ಸೇರಿದ 371-ಜೆ ವಿಧಿಗಾಗಿ ನಮ್ಮ ಕಲಬುರಗಿ, ಬೀದರ, ರಾಯಚೂರುಗಳು ಇನ್ನೂ ಸುಮಾರು ನಾಲ್ಕು ದಶಕ ಕಾಯಬೇಕಾಯಿತೆಂಬುದು ಬೇರೆ ಮಾತು. ಕಾಯಿದೆಯೇನೋ ಬಂತು, ಆದರೆ ಕುಳಿತುಕೊಳ್ಳಲು ಒಂದು ಮಾಡು ಬೇಡವೆ? ಸರೋಜಿನಿಯವರ ಮಗಳು, ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ಪದ್ಮಜಾ ನಾಯ್ಡು, ತಮ್ಮ ಮನೆಯನ್ನು ಕೊಟ್ಟರು. ಹೀಗೆ ಕವಿಯೊಬ್ಬಳ ಮನೆಯ ಕೋಣೆಗಳಲ್ಲಿ ಒಂದು ವಿಶ್ವವಿದ್ಯಾಲಯ ಕಣ್ಣು ತೆರೆಯಿತು. ಆಮೇಲೆ ಅದು ಗಚ್ಚಿಬೌಲಿಯ ಬಂಡೆಗಳ ನಡುವೆ ಹೋಗಿ ನೆಲೆಸಿತು. ಹಳೆಯ ಮನೆಯನ್ನು ಮಾತ್ರ ಬಿಡಲಿಲ್ಲ. ಸರೋಜಿನಿಯವರ ಹೆಸರಿನ ಕಲಾಶಾಲೆ ಕೆಲಕಾಲ ಅಲ್ಲಿ ನಡೆಯಿತು. ಮುಂದೆ ದೂರಶಿಕ್ಷಣದ ಕೇಂದ್ರ ಬಂತು.

ಗಚ್ಚಿಬೌಲಿಯಿಂದ ಆಬಿಡ್ಸಿಗೆ ಸುಮಾರು 20 ಕಿಲೋಮೀಟರು. ಬಸ್ಸಿಳಿದು ನಾಲ್ಕು ಮಂದಿಯನ್ನು ಕೇಳಿದೆ. ಮೂವರಿಗೆ ಗೊತ್ತಿರಲಿಲ್ಲ. ನಾಲ್ಕನೆಯವನು, ಪಾನ್ ಅಂಗಡಿಯವನು, ‘ಪರೀಕ್ಷೆಯ ಫಾರಂ ಕಟ್ಟುವ ಜಾಗವೆ?’ ಎಂದು ಕೇಳಿ ಕೈ ತೋರಿಸಿದ. ಹಳೆಯ ಮರಗಳ ನೆರಳಿನಲ್ಲಿ ಹಳೆಯ ಕಾಲದ ಬಂಗಲೆ. ಒಳಗೆ ಮೇಜುಗಳು, ಬೀರುಗಳು, ಕಾಗದದ ಕಟ್ಟುಗಳು, ಅರ್ಜಿ ಹಿಡಿದು ನಿಂತ ಒಂದಿಬ್ಬರು ಹುಡುಗಿಯರು. ಕವಿಯ ಕುರ್ಚಿ, ಕವಿಯ ಲೇಖನಿ, ಕವಿಯ ಕನ್ನಡಕಗಳನ್ನು ನಿರೀಕ್ಷಿಸಿ ಹೋದವನಿಗೆ ಮೊದಲು ನಿರಾಸೆಯೇ ಆಯಿತು. ಅಲ್ಲಿದ್ದ ಸಿಬ್ಬಂದಿಯ ಒಬ್ಬರನ್ನು ನಮ್ಮ ಕಲಬುರಗಿಯ ದಖನಿಯಲ್ಲಿಯೇ ಕೇಳಿದೆ: ಸರೋಜಿನೀದೇವಿಯವರು ಬರೆಯುತ್ತಿದ್ದ ಕೋಣೆ ಯಾವುದು? ಅವರು ನಗುತ್ತ, ಯಾವ ಕೋಣೆಯೆಂದು ಕೇಳಬೇಡಿ ಸಾಹೇಬರೆ, ಮನೆಯೆಲ್ಲವೂ ಅವರದೇ, ನಾವು ಬಾಡಿಗೆಯಿಲ್ಲದೆ ಇದ್ದೇವೆ ಎಂದರು. ಆಮೇಲೆ ಚಹಾ ತರಿಸಿಕೊಟ್ಟರು. ಗಾಂಧೀಜಿ ಬಂದಿದ್ದರೆಂಬ ಸಂಗತಿಯನ್ನು, ತಾವೇ ಬಾಗಿಲಿಗೆ ಹೋಗಿ ಬರಮಾಡಿಕೊಂಡವರಂತೆ ಹೇಳಿದರು.

ಮನೆಯ ಹೆಸರಿನ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದದ್ದು. ಸರೋಜಿನಿಯವರ ಮೊದಲ ಸಂಕಲನ ‘ದಿ ಗೋಲ್ಡನ್ ಥ್ರೆಶೋಲ್ಡ್’ 1905ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಆರ್ಥರ್ ಸೈಮನ್ಸ್ ಮುನ್ನುಡಿ ಬರೆದ. ಕವಿ ಯೇಟ್ಸನ ತಂದೆ, ಚಿತ್ರಕಾರ ಜಾನ್ ಬಟ್ಲರ್ ಯೇಟ್ಸ್, ಕವಯಿತ್ರಿಯ ರೇಖಾಚಿತ್ರ ಬರೆದುಕೊಟ್ಟ. ಪುಸ್ತಕ ಅರ್ಪಿತವಾದದ್ದು ಎಡ್ಮಂಡ್ ಗಾಸ್ ಎಂಬ ವಿಮರ್ಶಕನಿಗೆ. ಮನೆಗೆ ಪುಸ್ತಕದ ಹೆಸರು ಬಂತೇ ಹೊರತು ಪುಸ್ತಕಕ್ಕೆ ಮನೆಯ ಹೆಸರಲ್ಲ. ಇದು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಬಾಳಿದ ಮನೆ. ಅವರು ಎಡಿನ್‌ಬರೋದಲ್ಲಿ ವಿಜ್ಞಾನದಲ್ಲಿ ಡಾಕ್ಟರೇಟು ಪಡೆದು ಬಂದವರು. ಮುಂದೆ ನಿಜಾಂ ಕಾಲೇಜಾದ ವಿದ್ಯಾಲಯದ ಮೊದಲ ಪ್ರಾಂಶುಪಾಲರು. ತಾಮ್ರವನ್ನು ಚಿನ್ನ ಮಾಡುವ ರಸವಿದ್ಯೆಯ ಹುಚ್ಚೂ ಅವರಿಗಿತ್ತು. ಅವರ ತೋಟದಲ್ಲಿ ದಿನವೂ ರಾಜರು, ಭಿಕ್ಷುಕರು, ಮೌಲ್ವಿಗಳು, ಸಾಧುಗಳು ಒಟ್ಟಿಗೆ ಕುಳಿತು ವಾದಿಸುತ್ತಿದ್ದರೆಂದು ಮಗಳು ಸೈಮನ್ಸನಿಗೆ ಬರೆದ ಕಾಗದಗಳಿಂದ ತಿಳಿಯುತ್ತದೆ. ಒಬ್ಬ ಮಗ ವೀರೇಂದ್ರನಾಥ ಕ್ರಾಂತಿಕಾರಿಯಾಗಿ ಯುರೋಪಿನಲ್ಲಿ ಅಲೆದು 1937ರಲ್ಲಿ ರಷ್ಯಾದಲ್ಲಿ ಸತ್ತ. ಇನ್ನೊಬ್ಬ ಮಗ ಹರೀಂದ್ರನಾಥ ಕವಿ, ನಟ. ಈ ಹರೀಂದ್ರನಾಥರ ಕೈಹಿಡಿದವರು ಮಂಗಳೂರಿನ ಮಗಳು ಕಮಲಾದೇವಿ.

ಇಲ್ಲಿ ತುಸು ನಿಲ್ಲಬೇಕು. ಕಮಲಾದೇವಿ ಚಟ್ಟೋಪಾಧ್ಯಾಯರು ದೇಶದ ಕರಕುಶಲಕಲೆಗಳನ್ನು ಉಳಿಸಿದ ಮಹಾತಾಯಿಯೆಂಬುದು ಎಲ್ಲರಿಗೂ ಗೊತ್ತು. ಆದರೆ 1931ರಲ್ಲಿ ಮೋಹನ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ಎಂಬ ಮೂಕಚಿತ್ರದಲ್ಲಿ, ಮೃಚ್ಛಕಟಿಕದ ಕಥೆಯಲ್ಲಿ, ನಮ್ಮ ಕೈಲಾಸಂ ಅವರೊಡನೆ ಅವರೂ ಅಭಿನಯಿಸಿದ್ದರೆಂಬುದು ಕನ್ನಡ ನಾಟಕಚರಿತ್ರೆಯನ್ನು ಓದುವವರಲ್ಲಿಯೂ ಅನೇಕರಿಗೆ ತಿಳಿಯದು. ಕೈಲಾಸಂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನಾಟಕ ಬರೆದವರು. ಕಮಲಾದೇವಿಯವರ ಆತ್ಮಕಥನ ಇಂಗ್ಲಿಷಿನಲ್ಲಿದೆ. ಬಂಗಾಳದ ತಂದೆ, ತೆಲುಗಿನ ಗಂಡ ಡಾಕ್ಟರ್ ಗೋವಿಂದರಾಜುಲು, ಉರ್ದುವಿನ ಊರು, ಇಂಗ್ಲಿಷಿನ ಕವಿತೆ, ಮಂಗಳೂರಿನ ನಾದಿನಿ: ಈ ಕುಟುಂಬವನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆದುಕೊಳ್ಳಬೇಕು?

ಈ ಪ್ರಶ್ನೆ ನನ್ನನ್ನು ಆ ಮನೆಯ ಜಗಲಿಯ ಮೇಲೆ ಬಹಳ ಹೊತ್ತು ಕೂರಿಸಿತು. ಏಕೆಂದರೆ ನಾನು ತರಗತಿಯಲ್ಲಿ ಹಲವು ವರ್ಷ ಒಂದು ಹೋಲಿಕೆಯನ್ನು ಹೇಳಿಕೊಂಡು ಬಂದಿದ್ದೆ. ಹದಿಹರೆಯದಲ್ಲಿ ಇಂಗ್ಲೆಂಡಿಗೆ ಹೋದ ಸರೋಜಿನಿ ತಮ್ಮ ಕವಿತೆಗಳನ್ನು ಗಾಸನಿಗೆ ತೋರಿಸಿದರು. ಅವುಗಳ ತುಂಬ ಇಂಗ್ಲೆಂಡಿನ ಹಕ್ಕಿಗಳು, ಇಂಗ್ಲೆಂಡಿನ ಹೂವುಗಳು. ಇವನ್ನೆಲ್ಲ ಬುಟ್ಟಿಗೆ ಹಾಕಿ ನಿನ್ನ ನಾಡನ್ನು ಕುರಿತು ಬರೆ ಎಂದು ಆತ ಬುದ್ಧಿ ಹೇಳಿದ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಆತ ಹೇಳಿದ್ದು, ನಿನ್ನ ಮಾತೃಭಾಷೆಯಲ್ಲಿ ಬರೆ ಎಂದು. ಗಾಸ್ ವಸ್ತುವನ್ನು ಬದಲಿಸಲು ಹೇಳಿದ, ಕಸಿನ್ಸ್ ಭಾಷೆಯನ್ನು ಬದಲಿಸಲು ಹೇಳಿದ. ಗಾಸನ ಮಾತನ್ನು ಕೇಳಿದವರು ಪರದೇಶದ ಓದುಗರಿಗಾಗಿ ಪಲ್ಲಕ್ಕಿ, ಬಳೆಗಾರ, ಹಾವಾಡಿಗರ ಅಂಗಡಿ ತೆರೆದರು. ಕಸಿನ್ಸನ ಮಾತನ್ನು ಕೇಳಿದವರು ‘ಶ್ರೀರಾಮಾಯಣ ದರ್ಶನಂ’ ಬರೆದರು. ಹೀಗೆ ಹೇಳಿದರೆ ಕನ್ನಡದ ತರಗತಿಯಲ್ಲಿ ಚಪ್ಪಾಳೆ ಬೀಳದೆ ಇರುವುದಿಲ್ಲ.

ಹೋಲಿಕೆ ಸುಳ್ಳಲ್ಲ. ಸರೋಜಿನಿಯವರ ಕಾವ್ಯದ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಹೆಚ್ಚು ಬದಲಾಗಿಲ್ಲ. 1917ರ ಮೂರನೆಯ ಸಂಕಲನದ ನಂತರ ಅವರು ಬಹುಮಟ್ಟಿಗೆ ಕಾವ್ಯವನ್ನು ಬದಿಗಿಟ್ಟು ರಾಜಕಾರಣಕ್ಕೆ ನಡೆದದ್ದರಲ್ಲಿ ಅವರಿಗೇ ಒಂದು ವಿವೇಕವಿತ್ತೆಂದು ತೋರುತ್ತದೆ. ಆದರೆ ನನ್ನ ಹೋಲಿಕೆಯಲ್ಲಿ ಒಂದು ಅವಸರವಿತ್ತು. ಕುಪ್ಪಳಿಯ ಹುಡುಗನಿಗೆ ‘ಮನೆಗೆ ಹೋಗು’ ಎಂದರೆ ಹೋಗಲು ಒಂದು ಮನೆಯಿತ್ತು, ಸಾವಿರ ವರ್ಷಗಳ ಕಾವ್ಯಪರಂಪರೆಯ ಮನೆ. ಬಂಗಾಳದಿಂದ ದೂರ, ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಅದೇ ಮಾತನ್ನು ಹೇಳಿದ್ದರೆ ಅವಳು ಯಾವ ಬಾಗಿಲನ್ನು ತಟ್ಟಬೇಕಾಗಿತ್ತು? ಇದನ್ನು ನಾನು ಪುಸ್ತಕ ಓದಿ ಅರಿತವನಲ್ಲ. ಆ ಜಗಲಿಯ ಮೇಲೆ ಕುಳಿತಾಗ ಹೊಳೆಯಿತು.

ಈ ಅವಸರಕ್ಕೆ ಇನ್ನೊಂದು ಮುಖವೂ ಇತ್ತು. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ಕಟ್ಟಿಸಿ ಬಾಳಿದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದ್ದರು. ಪತ್ರಿಕೆಗಳಲ್ಲಿ ಕೂಗೆದ್ದ ಮೇಲೆ ಅದು ನಿಂತಿತು. ಸಾರ್ವಜನಿಕ ಹಣದಿಂದ ಮನೆಯನ್ನು ಕೊಂಡು ದುರಸ್ತಿ ಮಾಡಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ನಡುವೆ ಕೆಲವು ಹಿರಿಯ ಕನ್ನಡ ಲೇಖಕರು ಅದನ್ನು ವಿರೋಧಿಸಿದರು: ಕನ್ನಡದಲ್ಲಿ ಒಂದು ಸಾಲನ್ನೂ ಬರೆಯದ, ತಮ್ಮ ಹಸ್ತಪ್ರತಿಗಳನ್ನು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟ ಲೇಖಕರಿಗೆ ಕನ್ನಡಿಗರ ದುಡ್ಡು ಏಕೆ? ಆ ಹೇಳಿಕೆಗೆ ಸಹಿ ಹಾಕಿದವರಲ್ಲಿ ನಾನಿರಲಿಲ್ಲ, ನನ್ನನ್ನು ಕೇಳುವಷ್ಟು ನಾನು ದೊಡ್ಡವನೂ ಅಲ್ಲ. ಆದರೆ ತರಗತಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಆ ಪಕ್ಷವನ್ನೇ ಗಟ್ಟಿಯಾಗಿ ವಾದಿಸಿದೆ. ಹಸ್ತಪ್ರತಿಗಳು ಅಮೆರಿಕಕ್ಕೆ ಹೋದುದನ್ನಂತೂ ದ್ರೋಹವೆಂದೇ ಕರೆದೆ.

ಹಾಗೆ ವಾದಿಸುತ್ತಿದ್ದ ದಿನಗಳಲ್ಲಿಯೇ, ನಮ್ಮ ಮನೆಯಿಂದ ಎರಡು ಓಣಿ ಆಚೆ, ನನ್ನ ಗುರುಗಳೊಬ್ಬರ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳಿಗೆ ನೋವಾಗಬಾರದು. ಅವರು ಪ್ರಸಿದ್ಧರಲ್ಲ. ಮಾಧ್ಯಮಿಕ ಶಾಲೆಯ ಪಂಡಿತರಾಗಿ ನಿವೃತ್ತರಾದವರು. ಮೂವತ್ತು ವರ್ಷ ಸೈಕಲ್ಲಿನ ಮೇಲೆ, ಆಮೇಲೆ ಕೆಂಪು ಬಸ್ಸಿನಲ್ಲಿ, ನಮ್ಮ ಭಾಗದ ಹಳ್ಳಿಗಳನ್ನು ಸುತ್ತಿ ತತ್ತ್ವಪದಗಳನ್ನು ಬರೆದುಕೊಂಡಿದ್ದರು. ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದಗಳು, ಹೆಸರೇ ಕೇಳದ ಹೆಣ್ಣುಮಕ್ಕಳ ಪದಗಳು, ಒಂದೇ ಉಸಿರಿನಲ್ಲಿ ಕನ್ನಡ-ಉರ್ದು ಬೆರೆಸಿ ಹಾಡುವ ಮೊಹರಮ್ಮಿನ ಪದಗಳು. ಪ್ರತಿ ಪದದ ಕೆಳಗೆ ಹಾಡಿದವರ ಹೆಸರು, ಊರು, ತಿಥಿ, ಯಾವ ಮಟ್ಟಿನಲ್ಲಿ ಹಾಡಿದರೆಂಬ ಟಿಪ್ಪಣಿ. ‘ಇವನ್ನು ವಿಭಾಗಕ್ಕೆ ಒಯ್ಯೋ, ನನ್ನ ಕಾಲ ಆಯ್ತು’ ಎಂದು ಎರಡು ಸಲ ಹೇಳಿದರು. ‘ಆಗಲಿ ಸರ್, ಬೇಸಿಗೆ ರಜೆಯಲ್ಲಿ ಬಂದು ವಿಂಗಡಿಸಿ ಪಟ್ಟಿ ಮಾಡಿ ಒಯ್ಯುತ್ತೇನೆ’ ಎಂದು ನಾನು ಎರಡು ಸಲವೂ ಹೇಳಿದೆ. ಪಟ್ಟಿ ಮಾಡದೆ ಏನನ್ನೂ ಎತ್ತಬಾರದೆಂಬುದು ವಿದ್ವತ್ತಿನ ಶಿಸ್ತು ಎಂದು ತಿಳಿದಿದ್ದೆ.

ಅವರು ಒಂದು ಮಾಘದಲ್ಲಿ ತೀರಿಕೊಂಡರು. ಆ ಬೇಸಿಗೆ ನಾನು ಇಂಗ್ಲೆಂಡಿಗೆ ಹೋದೆ. ಮಗಳು ಅಲ್ಲಿ ಕೆಲಸದಲ್ಲಿದ್ದಳು. ಅಪ್ಪನಿಗೆ ಸರೋವರಗಳ ಸೀಮೆಯನ್ನು ತೋರಿಸಬೇಕೆಂಬುದು ಅವಳ ಆಸೆ. ಗ್ರಾಸ್‌ಮಿಯರಿನಲ್ಲಿ ವರ್ಡ್ಸ್‌ವರ್ತ್ ಬಾಳಿದ ಡವ್ ಕಾಟೇಜನ್ನು ನೋಡಿದೆ. 1799ರ ಕೊನೆಯಿಂದ 1808ರವರೆಗೆ ಆತ ಅಲ್ಲಿದ್ದ. ಮೊದಲು ಅದು ಪಥಿಕರು ತಂಗುವ ಸಾರಾಯಿಮನೆಯಂತೆ. ತಗ್ಗಾದ ಮಾಳಿಗೆ, ಹಾಸುಗಲ್ಲಿನ ನೆಲ, ಬೆಳಕು ಕಡಿಮೆ. ನಮ್ಮ ಮಲೆನಾಡಿನ ಒಂದು ನಡುಮನೆಯಂತಿದೆ. ಮಾಳಿಗೆಯ ಮೇಲಿನ ಒಂದು ಪುಟ್ಟ ಕೋಣೆಯ ಗೋಡೆಗೆ ಚಳಿ ತಡೆಯಲೆಂದು ತಂಗಿ ಡೊರೊತಿ ಹಳೆಯ ಸಮಾಚಾರಪತ್ರಿಕೆಗಳನ್ನು ಅಂಟಿಸಿದ್ದಳಂತೆ. ಇಂದಿಗೂ ಆ ಕೋಣೆಯನ್ನು ಹಾಗೆಯೇ ತೋರಿಸುತ್ತಾರೆ. ಅಣ್ಣನ ಕವಿತೆಗಳ ಹಿಂದೆ ತಂಗಿಯ ದಿನಚರಿ ಎಷ್ಟು ಕೆಲಸ ಮಾಡಿದೆಯೆಂಬುದನ್ನು ಆ ಗೋಡೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಆ ಮನೆಯನ್ನು 1891ರಲ್ಲಿಯೇ ಸಾರ್ವಜನಿಕರಿಗೆ ತೆರೆದಿದ್ದಾರೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮನೆಯಲ್ಲ, ಅದರ ಮಗ್ಗುಲಲ್ಲಿರುವ ಗ್ರಂಥಭಂಡಾರ. ಕವಿಯ ಹಸ್ತಪ್ರತಿಗಳೂ ತಂಗಿಯ ದಿನಚರಿಗಳೂ ಅಲ್ಲಿವೆ. ಒಂದು ಕವಿತೆ ಹುಟ್ಟಿದ ಒಲೆಯ ಬದಿಯಿಂದ ಅದರ ಹೊಡೆದುಹಾಕಿದ ಸಾಲುಗಳಿರುವ ಹಾಳೆಯ ತನಕ ಕೆಲವೇ ಹೆಜ್ಜೆ. ನೋಡಿ ನನಗೆ ಭಕ್ತಿಯೂ ಮತ್ಸರವೂ ಒಟ್ಟಿಗೆ ಬಂದವು. ಊರಿಗೆ ಹೋಗಿ ಇದನ್ನು ಕುರಿತು ಒಂದು ಲೇಖನ ಬರೆಯಬೇಕೆಂದು ಟಿಪ್ಪಣಿ ಮಾಡಿಕೊಂಡೆ.

ಊರಿಗೆ ಬಂದಾಗ ಗುರುಗಳ ಮನೆಗೆ ಹೊಸ ಬೀಗ ಬಿದ್ದಿತ್ತು. ಮಾರಾಟವಾಗಿತ್ತು. ಮಕ್ಕಳು ದೂರದ ಊರುಗಳಲ್ಲಿರುವವರು. ರಜೆ ಸಿಕ್ಕ ನಾಲ್ಕು ದಿನಗಳಲ್ಲಿ ಮನೆ ಖಾಲಿಮಾಡಿದ್ದರು. ಪೆಟ್ಟಿಗೆಯಲ್ಲಿದ್ದುದು ಏನೆಂದು ಅವರಿಗೆ ಹೇಳಬೇಕಾಗಿದ್ದವನು ನಾನು. ಆ ದಿನ ನಾನು ಗ್ರಾಸ್‌ಮಿಯರಿನಲ್ಲಿ, ಗಾಜಿನ ಹಿಂದಿನ ಹಾಳೆಗಳನ್ನು ನೋಡುತ್ತ ಕಣ್ಣು ಒದ್ದೆಮಾಡಿಕೊಂಡಿರಬೇಕು. ಪಕ್ಕದ ಮನೆಯ ಅಮ್ಮನವರು ಹೇಳಿದರು, ರದ್ದಿಯವನು ಎರಡು ಸಲ ಗಾಡಿ ತುಂಬಿಕೊಂಡು ಹೋದನೆಂದು. ಪೇಟೆಯಲ್ಲಿದ್ದ ರದ್ದಿ ಅಂಗಡಿಗಳನ್ನೆಲ್ಲ ತಿರುಗಿದೆ. ಸಿಕ್ಕಿದ್ದು ಒಂದು ಪಂಚಾಂಗ, ಅದರ ಅಂಚಿನಲ್ಲಿ ಅವರ ಅಕ್ಷರದಲ್ಲಿ ಬಸ್ಸಿನ ಹೊತ್ತು.

ಇದಾದ ಮರುವರ್ಷ ನಾನು ಹೊನ್ನ ಹೊಸ್ತಿಲಿನ ಜಗಲಿಯ ಮೇಲೆ ಕುಳಿತಿದ್ದೆ. ಆದ್ದರಿಂದ ಮನೆಯೊಳಗೆ ಕವಿಯ ಲೇಖನಿಯಿಲ್ಲ, ಅರ್ಜಿಯ ಕಟ್ಟುಗಳಿವೆ ಎಂಬುದು ಮೊದಲ ಗಳಿಗೆಯ ನಿರಾಸೆಯಾಗಿ ಉಳಿಯಲಿಲ್ಲ. ಕಾಲೇಜಿಗೆ ಹೋಗಲಾರದ ಯಾರದೋ ಮಗಳು ಅಂಚೆಯಲ್ಲಿ ಓದಿ ಪದವಿ ಪಡೆಯಲು ಅಲ್ಲಿ ಸಾಲು ನಿಂತಿದ್ದಳು. ನಾರಾಯಣರ ಮನೆಯ ವಿಷಯದಲ್ಲಿ ನಾವೆಲ್ಲ ಗೋಡೆಯನ್ನು ಕುರಿತು ಜಗಳವಾಡಿದೆವು, ದುಡ್ಡನ್ನು ಕುರಿತು ಜಗಳವಾಡಿದೆವು, ಯಾವ ಭಾಷೆಯೆಂದು ಜಗಳವಾಡಿದೆವು. ಅವರ ಹಾಳೆಗಳು ಎಲ್ಲಿಯೋ ಒಂದು ಕಡೆ ಕ್ಷೇಮವಾಗಿವೆಯೆಂಬುದನ್ನು ಅಪರಾಧದ ಪಟ್ಟಿಗೆ ಸೇರಿಸಿದೆವು. ಕನ್ನಡದ ಹಾಳೆಗಳು ಎಲ್ಲಿವೆಯೆಂದು, ಕನ್ನಡದ ಪರವಾಗಿ ಅಷ್ಟು ಗಟ್ಟಿಯಾಗಿ ಮಾತನಾಡಿದ ನಾನು ಎದ್ದು ಹೋಗಿ ನೋಡಲಿಲ್ಲ.

ನಮ್ಮಲ್ಲಿ ಕವಿಗಳ ಮನೆಗಳಿಲ್ಲವೆಂದಲ್ಲ. ಕುಪ್ಪಳಿಯ ಕವಿಮನೆಯಷ್ಟು ಚೆನ್ನಾಗಿ ಕಾಪಾಡಿದ ಮನೆ ಭಾರತದ ಬೇರೆ ಭಾಷೆಗಳಲ್ಲಿಯೂ ಅಪರೂಪವೇ. 2015ರಲ್ಲಿ ಅಲ್ಲಿಗೆ ಕಳ್ಳರು ನುಗ್ಗಿ ಪದ್ಮ ಪದಕಗಳನ್ನು ಒಯ್ದಾಗ ನಾಡೆಲ್ಲ ಮರುಗಿತು, ಮರುಗಬೇಕಾದದ್ದೇ. ಧಾರವಾಡದ ಸಾಧನಕೇರಿಗೆ ಹೋದವರು ಬೇಂದ್ರೆಯವರ ‘ಶ್ರೀಮಾತಾ’ವನ್ನು ನೋಡದೆ ಬರುವುದಿಲ್ಲ. ಆದರೆ ನನಗೆ ಹೆಚ್ಚು ಯೋಚನೆಗೆ ಹಚ್ಚುವುದು ಮಂಜೇಶ್ವರ. ಕನ್ನಡ ಕಾವ್ಯದಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಡುವ ಧೈರ್ಯ ಮಾಡಿದ ಗೋವಿಂದ ಪೈಯವರ ಮನೆ 1956ರಿಂದ ಕೇರಳದಲ್ಲಿದೆ. ಅಲ್ಲಿಯ ಸ್ಮಾರಕಕ್ಕೆ ‘ಗಿಳಿವಿಂಡು’ ಎಂದು ಹೆಸರು, 1930ರ ಅವರ ಸಂಕಲನದ ಹೆಸರು. ಹೈದರಾಬಾದಿನಂತೆಯೇ ಇಲ್ಲಿಯೂ ಮನೆಗೆ ಪುಸ್ತಕದ ಹೆಸರು. ಪೈಯವರ ಪುಸ್ತಕಸಂಗ್ರಹವಾದರೋ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಬಂದು, ಅದರ ಸುತ್ತ ಒಂದು ಸಂಶೋಧನ ಕೇಂದ್ರವೇ ಬೆಳೆಯಿತು. ಮನೆ ಒಂದು ರಾಜ್ಯದಲ್ಲಿ, ಪುಸ್ತಕಗಳು ಇನ್ನೊಂದು ರಾಜ್ಯದಲ್ಲಿ. ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನಾನು ಎಣಿಸಲಾರೆ. ಪುಸ್ತಕಗಳನ್ನು ಸಕಾಲದಲ್ಲಿ ಎತ್ತಿ ತಂದು, ಕಪಾಟಿನಲ್ಲಿಟ್ಟು, ಓದುವವರಿಗೆ ಬಾಗಿಲು ತೆರೆದ ಆ ಉಡುಪಿಯ ಹಿರಿಯರು ನನ್ನಂತೆ ಬೇಸಿಗೆ ರಜೆಗೆ ಕಾಯಲಿಲ್ಲ.

ನಮ್ಮ ಕಲ್ಯಾಣ ಕರ್ನಾಟಕದ ಸ್ಥಿತಿ ಇನ್ನೂ ಬೇರೆ. ನಮ್ಮ ಹಿರಿಯರಿಗೆ ಹೈದರಾಬಾದು ಪರದೇಶವಲ್ಲ, ರಾಜಧಾನಿ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಮನೆಗೆ ಬಂದು ಕನ್ನಡದಲ್ಲಿ ಕವಿತೆ ಬರೆದ ತಲೆಮಾರು ಅದು. ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿದರು, ಡಿ. ಕೆ. ಭೀಮಸೇನರಾಯರು ಅಲ್ಲಿ ಕನ್ನಡ ಪಾಠ ಹೇಳಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳು ಆ ಕಾಲದ ಕನ್ನಡಿಗರ ಬೆವರಿನಿಂದ ಎದ್ದವು. ಅವರು ಬಾಡಿಗೆಗಿದ್ದ ಕೋಣೆಗಳು ಯಾವ ಗಲ್ಲಿಯಲ್ಲಿದ್ದವು? ಯಾವ ಜಗಲಿಯ ಮೇಲೆ ಕುಳಿತು ಕವಿತೆ ಓದಿಕೊಂಡರು? 1956ರ ನಂತರ ರಾಜಧಾನಿ ಬೆಂಗಳೂರಾಯಿತು; ನಮ್ಮ ಮುಖ ಆ ಕಡೆ ತಿರುಗಿತು, ಬೆನ್ನ ಹಿಂದಿನ ಊರು ಮಾಸಿತು. ಸಂಕಿರಣ ಮುಗಿದ ಮೇಲೆ ಒಂದು ದಿನ ಉಳಿದು ಕಾಚಿಗುಡದಲ್ಲಿ ತಿರುಗಿದೆ. ಕೇಳಿದರೆ ಹ್ಞೂಗುಟ್ಟುವ ವಯಸ್ಸಿನವರೇ ಸಿಗಲಿಲ್ಲ.

ಎಲ್ಲ ಮನೆಗಳನ್ನೂ ಸ್ಮಾರಕ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಸರಕಾರ ಕೊಂಡು, ಬಣ್ಣ ಹೊಡೆದು, ಉದ್ಘಾಟನೆ ಮಾಡಿ, ಒಬ್ಬ ಕಾವಲುಗಾರನ ಕೈಗೆ ಬೀಗ ಕೊಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಕವಿ ಎರಡನೆಯ ಸಲ ಸತ್ತಿರುತ್ತಾನೆ. ಗುರುಗಳ ಮನೆ ಮಾರಾಟವಾಗಬಾರದಿತ್ತೆಂದೂ ನಾನು ಹೇಳಲಾರೆ. ಮಕ್ಕಳಿಗೆ ಅವರ ಕಷ್ಟಗಳಿರುತ್ತವೆ. ಮನೆ ಹೋಗಲಿ. ಪೆಟ್ಟಿಗೆಯನ್ನು ಎತ್ತಿ ತರಲು ಒಂದು ಆಟೋ, ಇಬ್ಬರು ವಿದ್ಯಾರ್ಥಿಗಳು, ಒಂದು ಮಧ್ಯಾಹ್ನ ಸಾಕಾಗಿತ್ತು. ಪಟ್ಟಿಯನ್ನು ಆಮೇಲೆ ಮಾಡಬಹುದಾಗಿತ್ತು. ಕನ್ನಡ ವಿಭಾಗಗಳಲ್ಲಿ ಎಂ.ಎ. ವಿದ್ಯಾರ್ಥಿಗಳು ಪ್ರತಿವರ್ಷ ಬರೆಯುವ ಕಿರುಪ್ರಬಂಧಗಳಲ್ಲಿ ಎಷ್ಟೋ, ಹಳೆಯ ಕಿರುಪ್ರಬಂಧಗಳ ಪ್ರತಿಬಿಂಬಗಳೆಂಬುದು ನಮಗೆಲ್ಲ ಗೊತ್ತಿರುವ ಗುಟ್ಟು. ಅವುಗಳ ಬದಲು ಒಬ್ಬೊಬ್ಬರು ಒಂದೊಂದು ಮನೆಗೆ ಹೋಗಿ ಬರಲಿ. ಶಾಂತರಸರು ರಾಯಚೂರಿನಲ್ಲಿ, ಗೀತಾ ನಾಗಭೂಷಣ ಮತ್ತು ಚೆನ್ನಣ್ಣ ವಾಲೀಕಾರರು ಕಲಬುರಗಿಯಲ್ಲಿ ಬಾಳಿದವರು; ಇವರು ಹೆಸರಾದವರು, ಇವರನ್ನು ಯಾರಾದರೂ ನೆನೆಯುತ್ತಾರೆ. ಹೆಸರಾಗದ ಪಂಡಿತರು, ಭಜನೆಯ ಮೇಳದವರು, ಬಯಲಾಟದ ಪ್ರತಿಗಳನ್ನು ಅಟ್ಟದ ಮೇಲಿಟ್ಟ ಮೇಷ್ಟ್ರುಗಳು ಯಾವ ಓಣಿಯಲ್ಲಿದ್ದಾರೆ, ಅವರ ಕಟ್ಟುಗಳು ಎಲ್ಲಿವೆ ಎಂಬುದನ್ನು ವಿಭಾಗ ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಯಾವ ಆಯೋಗದ ಅನುದಾನವೂ ಬೇಡ. ವಿದ್ವತ್ತಿನ ಕೆಲಸವಲ್ಲ, ಗುಮಾಸ್ತಿಕೆ ಎನ್ನುವವರಿದ್ದರೆ ಗುಮಾಸ್ತಿಕೆಯೇ ಆಗಲಿ.

ನಾನು ನನ್ನ ಪಾಲಿಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು ಮೂರು ಕಲಮು ಹಾಕಿದ್ದೇನೆ: ಹೆಸರು, ಮನೆ, ಕಾಗದಪತ್ರ. ವಿಭಾಗ ಬಯಸಿದರೆ ಅದನ್ನು ಗ್ರಂಥಾಲಯದಲ್ಲಿ ಇಡುತ್ತೇನೆ, ಮುಂದಿನವರು ತುಂಬಲಿ. ಮೊದಲ ಸಾಲಿನಲ್ಲಿ ಗುರುಗಳ ಹೆಸರಿದೆ. ಮನೆಯ ಕಲಮಿನಲ್ಲಿ ‘ಮಾರಾಟವಾಗಿದೆ’ ಎಂದು ಬರೆದಿದ್ದೇನೆ. ಮೂರನೆಯ ಕಲಮನ್ನು ತುಂಬಿಲ್ಲ. ತತ್ತ್ವಪದಗಳ ಒಂದು ಕೈಬರಹದ ಪುಸ್ತಕ, ಹಾಡಿದವರ ಹೆಸರು, ಊರು, ತಿಥಿಗಳಿರುವಂಥದು, ಆಳಂದದ ಕಡೆಯ ಒಬ್ಬ ಭಜನೆಯವರ ಬಳಿಯಿದೆಯೆಂದು, ರದ್ದಿಯಲ್ಲಿ ಸಿಕ್ಕಿದ್ದನ್ನು ಅಕ್ಷರ ಚೆನ್ನಾಗಿದೆಯೆಂದು ಆತ ಎತ್ತಿಟ್ಟುಕೊಂಡಿದ್ದಾನೆಂದು ಇತ್ತೀಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಶ್ರಾವಣಕ್ಕೆ ಕಾಯುವುದಿಲ್ಲ, ಬರುವ ಭಾನುವಾರವೇ ಹೋಗುತ್ತೇನೆ.